ಮೀನಾಕ್ಷಿ ಬಿಲ್ಲನ್ನೇಕೆ ಕೆಳಗಿಟ್ಟಳು?

ಅಘನಾಶಿನಿ ದಂಡೆ (ಚರ್ಚೆ ಆರಂಭಿಸಿದವರು)

ಹೋದ ಶನಿವಾರ ನಮ್ಮೂರ ಗದ್ದೆಬಯಲಿನಲ್ಲಿ ‘ಮೀನಾಕ್ಷಿ ಕಲ್ಯಾಣ’ದ ಯಕ್ಷಗಾನ ಬಯಲಾಟವಿತ್ತು. ನನ್ನ ಹನ್ನೊಂದು ವರ್ಷದ ಮಗಳು ಕಂಬಳಿ ಹೊದ್ದು ನಡುರಾತ್ರಿ ಕಳೆದರೂ ಕಣ್ಣು ಮುಚ್ಚದೆ ಕುಳಿತಿದ್ದಳು. ಮಧುರೆಯ ರಾಜಕುವರಿ ಗಂಡುಮಗನಂತೆ ಬೆಳೆದು, ಬಿಲ್ಲು ಹಿಡಿದು ದಿಕ್ಕುದಿಕ್ಕಿನ ಅರಸರನ್ನು ಸೋಲಿಸಿ, ಕೊನೆಗೆ ಕೈಲಾಸಕ್ಕೇ ಲಗ್ಗೆ ಹಾಕುವ ತನಕ ಚಂಡೆಯ ಪೆಟ್ಟಿಗೆ ಸರಿಯಾಗಿ ಇವಳ ಕಾಲೂ ಕುಣಿಯುತ್ತಿತ್ತು. ಆಮೇಲೆ ಶಿವ ಎದುರಾದ. ಹುಟ್ಟಿನಿಂದ ಇದ್ದ ಮೂರನೆಯ ಸ್ತನ ಅವನನ್ನು ಕಂಡ ಕ್ಷಣದಲ್ಲಿ ಮಾಯವಾಯಿತು, ಚಂಡೆ ನಿಂತು ಮದ್ದಳೆ ಮೆಲ್ಲಗೆ ನುಡಿಯತೊಡಗಿತು, ಅಷ್ಟು ಹೊತ್ತು ಗುಡುಗುತ್ತಿದ್ದ ವೇಷ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ಗೀರಿತು. ಮಗಳು ನನ್ನ ತೋಳು ಎಳೆದು, “ಬಿಲ್ಲು ಎಂತಕ್ಕೆ ಕೆಳಗಿಟ್ಟಿದ್ದು ಅದು?” ಎಂದಳು. ನಾಳೆ ಹೇಳುತ್ತೇನೆಂದೆ, ಇನ್ನೂ ಹೇಳಿಲ್ಲ.

ಅವಳು ಕೇಳಿದ್ದಕ್ಕೆ ಕಾರಣವಿದೆ. ರಜೆಯಲ್ಲಿ ಅಣ್ಣನ ಮಕ್ಕಳ ಜೊತೆ 2025ರ ಮಲಯಾಳಂ ಚಿತ್ರ ‘ಲೋಕಃ’ ನೋಡಿ ಬಂದಿದ್ದಳು. ಕೇರಳದ ಜನಪದ ಕಥೆಗಳಲ್ಲಿ ದಾರಿಹೋಕರ ರಕ್ತ ಹೀರುತ್ತಿದ್ದ ಯಕ್ಷಿ ಅದರಲ್ಲಿ ಜನರನ್ನು ಕಾಯುವವಳಾಗಿ ಬೆಂಗಳೂರಿಗೆ ಬರುತ್ತಾಳೆ, ಮತ್ತು ಯಾರೆದುರಿಗೂ ನೆಲ ಗೀರುವುದಿಲ್ಲ. ಈಗ ಸಿನಿಮಾದಲ್ಲಿ, ಮೊಬೈಲಿನ ಸರಣಿಗಳಲ್ಲಿ, ಎಲ್ಲಿ ನೋಡಿದರೂ ಇಂಥ ಗಟ್ಟಿಗಿತ್ತಿಯರೇ ಕಾಣುತ್ತಿದ್ದಾರೆ. ಇವರು ನಿಜವಾಗಿ ಹೊಸಬರೋ, ಅಥವಾ ಹಳೆಯ ಮೀನಾಕ್ಷಿಯ ಕಥೆಯಿಂದ ಕೊನೆಯ ಅರ್ಧ ಗಂಟೆಯನ್ನು ಕತ್ತರಿಸಿ ತೋರಿಸುತ್ತಿದ್ದಾರೋ? ಘಟ್ಟದ ಮೇಲಿನವರೂ ಕೆಳಗಿನವರೂ ಹೇಳಿ.

ತದಡಿ ಬಂದರು

ಪ್ರಸಂಗದ ಹೆಸರೇ ಕಲ್ಯಾಣ. ‘ಮೀನಾಕ್ಷಿ ದಿಗ್ವಿಜಯ’ ಎಂದಿದ್ದರೆ ಬಿಲ್ಲು ಕೈಯಲ್ಲೇ ಉಳಿಯುತ್ತಿತ್ತು.

ಚೌಕಿಮನೆ

ನಾನು ಬಡಗಿನಲ್ಲಿ, ಅಂದರೆ ಯಕ್ಷಗಾನದ ಬಡಗುತಿಟ್ಟಿನಲ್ಲಿ, ಇಪ್ಪತ್ತು ತಿರುಗಾಟಕ್ಕಿಂತ (ಮೇಳದ ವರ್ಷದ ಸುತ್ತು) ಹೆಚ್ಚು ಸ್ತ್ರೀವೇಷ ಕಟ್ಟಿದವನು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬಾರದು.

ನಮ್ಮಲ್ಲಿ ಹೆಣ್ಣುಪಾತ್ರಗಳೆಲ್ಲ ಒಂದೇ ಅಚ್ಚಿನವಲ್ಲ. ಸೀತೆ, ದಮಯಂತಿಯರಂಥ ಗರತಿ ವೇಷ ಬೇರೆ, ಮೀನಾಕ್ಷಿ, ಪ್ರಮೀಳೆ, ಶಶಿಪ್ರಭೆಯರಂಥ ಕಸೆ ಸ್ತ್ರೀವೇಷ ಬೇರೆ. ಗರತಿ ವೇಷ ಸೀರೆಯುಟ್ಟು ಬರುತ್ತದೆ. ಕಸೆ ವೇಷ ಕಚ್ಚೆ ಬಿಗಿದು, ಕಿರೀಟ ಕಟ್ಟಿ, ಪುರುಷವೇಷದಷ್ಟೇ ಅಬ್ಬರದಿಂದ ರಂಗಸ್ಥಳಕ್ಕೆ ನುಗ್ಗುತ್ತದೆ. ಗಟ್ಟಿಗಿತ್ತಿಯರನ್ನು ನಿನ್ನೆ ಮೊನ್ನೆ ಸಿನಿಮಾದವರು ಕಂಡುಹಿಡಿದರೆನ್ನುವವರಿಗೆ ನಮ್ಮ ಚೌಕಿಯ (ಬಣ್ಣ ಹಚ್ಚುವ ಮನೆ) ಪೆಟ್ಟಿಗೆಯನ್ನು ತೆರೆದು ತೋರಿಸಬೇಕು.

ಇನ್ನು ಬಿಲ್ಲಿನ ವಿಷಯ. ಯಕ್ಷಗಾನದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ, ಮಾತು ಕಲಾವಿದನದು. ಹಾಡುವ ಭಾಗವತರು ಪದ್ಯ ಮುಗಿಸಿದ ಮೇಲೆ ಅದರ ಅರ್ಥವನ್ನು ನಾನು ಎತ್ತ ಬೇಕಾದರೂ ಒಯ್ಯಬಹುದು. ಒಮ್ಮೆ ಶಿವನ ಪಾತ್ರದವರು “ಇನ್ನೇಕೆ ಬಿಲ್ಲು, ದೇವಿ?” ಎಂದಾಗ, “ಈ ಬಿಲ್ಲಿಗೆ ಕೆಲಸ ಮುಗಿಯಿತೆಂದು ಹೇಳಬೇಕಾದವಳು ನಾನು, ತಾವಲ್ಲ” ಎಂದುಬಿಟ್ಟೆ. ಹೆಂಗಸರು ಕುಳಿತ ಕಡೆಯಿಂದ ಚಪ್ಪಾಳೆ ಬಿತ್ತು. ಮರುದಿನ ಆಟ ಆಡಿಸಿದವರು ಬಂದು, ಮದುವೆಯ ಸನ್ನಿವೇಶದಲ್ಲಿ ಅಪಶಕುನದ ಮಾತೇಕೆ ಎಂದು ಬೇಸರಪಟ್ಟರು. ಮುಂದಿನ ಆಟದಲ್ಲಿ ಆ ಮಾತು ಆಡಲಿಲ್ಲ. ಆಡಬೇಕಿತ್ತೆಂದು ಈಗಲೂ ಅನ್ನಿಸುತ್ತದೆ.

ಕೊಡಸಳ್ಳಿ ಹುಡುಗಿ

ಚೌಕಿಮನೆಯವರ ಮಾತಿಗೆ ಗೌರವವಿಟ್ಟೇ ಕೇಳುತ್ತೇನೆ. ಅಷ್ಟು ವರ್ಷ ಮೀನಾಕ್ಷಿಯ ಪರವಾಗಿ ಮಾತನಾಡಿದ್ದು ಗಂಡಸರು. ನಾವು ಮೆಚ್ಚಿದ ಗಟ್ಟಿಗಿತ್ತಿ ಗಂಡಸಿನ ಕಲ್ಪನೆಯ ಗಟ್ಟಿಗಿತ್ತಿಯಲ್ಲವೇ? ಅವಳು ಎಷ್ಟು ಗುಡುಗಬಹುದು, ಎಲ್ಲಿ ನಾಚಬೇಕು ಎಂಬುದನ್ನು ಅಳತೆ ಹಾಕಿ ಕೊಟ್ಟವರೂ ಅವರೇ.

ಚೌಕಿಮನೆ

ಒಪ್ಪುತ್ತೇನೆ. ಆದರೆ ಈಗ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಮಹಿಳಾ ತಂಡಗಳಿವೆ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಹೆಂಗಸರೇ ಕೃಷ್ಣ, ಭೀಷ್ಮರ ಅರ್ಥ ಹೇಳುತ್ತಾರೆ. ಹೋಗಿ ಕೇಳಿ. ಅವರಲ್ಲಿಯೂ ಅನೇಕರು ನಾವು ಹಾಕಿಕೊಟ್ಟ ನಾಚಿಕೆಯನ್ನೇ ಒಪ್ಪವಾಗಿ ಅಭಿನಯಿಸುತ್ತಾರೆ. ವೇಷ ಕಟ್ಟಿದವರು ಯಾರೆಂಬುದರಿಂದಷ್ಟೇ ಅರ್ಥ ಬದಲಾಗುವುದಿಲ್ಲ.

ಸಿದ್ದಾಪುರದ ಮೇಷ್ಟ್ರು

ಒಂದು ತಿದ್ದುಪಡಿ, ಮೇಷ್ಟರ ಚಟ ಎಂದು ಕ್ಷಮಿಸಿ. ಪ್ರಮೀಳೆಯನ್ನೂ ಮೀನಾಕ್ಷಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಸ್ತ್ರೀರಾಜ್ಯದ ಒಡತಿ ಅರ್ಜುನನಿಗೆ ಸೋಲುವುದೇ ಇಲ್ಲ. ಅವನು ಯುದ್ಧದಲ್ಲಿ ಕಂಗೆಟ್ಟಾಗ ಅಶರೀರವಾಣಿ ತಡೆದು, ಇವಳನ್ನು ಮದುವೆಯಾಗೆಂದು ಹೇಳುತ್ತದೆ. ಗೆಲ್ಲಲಾಗದವಳನ್ನು ವರಿಸಿದ ಕಥೆಯದು. ನಮ್ಮ ರಂಗಸ್ಥಳದಲ್ಲಿ ಎಷ್ಟೋ ಸಲ ಅದು ‘ಅರ್ಜುನನ ಮುಂದೆ ಅಹಂಕಾರ ಇಳಿದ ಹೆಣ್ಣು’ ಎಂಬಂತೆ ಹೊರಳುತ್ತದೆ. ಆ ತಪ್ಪು ಕಾವ್ಯದ್ದಲ್ಲ.

ಮಧುರೆಗೆ ಹೋಗಿ ಬಂದವನು

ಮೀನಾಕ್ಷಿಗೂ ನಾವು ಅನ್ಯಾಯ ಮಾಡುತ್ತಿದ್ದೇವೆ. ಕೆಲಸದ ಮೇಲೆ ಮೂರು ವರ್ಷ ಮಧುರೆಯಲ್ಲಿದ್ದೆ. ಅಲ್ಲಿನ ಚಿತ್ತಿರೈ ಹಬ್ಬದಲ್ಲಿ ಮೊದಲು ಅವಳಿಗೆ ಪಟ್ಟಾಭಿಷೇಕ, ಮರುದಿನ ದಿಗ್ವಿಜಯ, ಅದರ ಮರುದಿನ ಕಲ್ಯಾಣ. ರಾಜ್ಯ ಅವಳದು, ಸುಂದರೇಶ್ವರನೆಂಬ ಹೆಸರಿನ ಶಿವ ಅವಳ ಊರಿಗೆ ಬಂದ ಅಳಿಯ. ಜನ ಇಂದಿಗೂ ಮೊದಲು ಅವಳ ಗರ್ಭಗುಡಿಗೆ ಹೋಗಿ ಆಮೇಲೆ ಸುಂದರೇಶ್ವರನ ಕಡೆಗೆ ತಿರುಗುತ್ತಾರೆ. ಮದುವೆಯಾದ ಮೇಲೆ ಅವಳ ರಾಜ್ಯ ಏನಾಯಿತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ನಮ್ಮಲ್ಲಿ ಮಂಗಳ ಹಾಡಿ ಪೆಟ್ಟಿಗೆ ಕಟ್ಟುವುದರಿಂದ ಏಳುತ್ತದೆ.

ಅಘನಾಶಿನಿ ದಂಡೆ

ಇದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಹೇಳಲು ಅರ್ಧ ಉತ್ತರ ಸಿಕ್ಕಿತು.

ಬೈತ್ಕೋಲದ ಮಗ

ದೇವಿಯರ ಬಗ್ಗೆ ತಿಳಿದವರು ಬರೆಯುತ್ತಿದ್ದೀರಿ. ನಾನು ಮೀನು ಮಾರುವವಳ ಮಗ, ಕಾರವಾರದವನು. ಸಿನಿಮಾದಲ್ಲಿ ‘ಬೋಲ್ಡ್’ ಎಂಬ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಏಕೆಂದು ಹೇಳುತ್ತೇನೆ.

ನಮ್ಮ ಚಿತ್ರಗಳಲ್ಲಿ, ಕಾಲೇಜಿನ ಕಿರುನಾಟಕಗಳಲ್ಲಿ, ಈಗ ಮೊಬೈಲಿನ ಚಿಕ್ಕ ವಿಡಿಯೋಗಳಲ್ಲಿ ಮೀನುಗಾರ ಹೆಂಗಸು ಬಂದಳೆಂದರೆ ಸೊಂಟಕ್ಕೆ ಸೀರೆ ಸಿಕ್ಕಿಸಿ, ಬಾಯಿ ದೊಡ್ಡದು ಮಾಡಿ, ಎದುರಿಗಿದ್ದವನ ಮಾನ ಕಳೆದು, ನೋಡುವವರನ್ನು ನಗಿಸಿ ಹೋಗುತ್ತಾಳೆ. ಅದನ್ನೇ ‘ಗಟ್ಟಿ ಹೆಣ್ಣು’ ಎನ್ನುತ್ತಾರೆ. ನನ್ನ ಆಯಿ ಬೆಳಗಿನ ಜಾವ ಬೈತ್ಕೋಲ ಬಂದರಿನಲ್ಲಿ ಹರಾಜಿಗೆ ನಿಲ್ಲುತ್ತಿದ್ದಳು. ಹರಾಜಿನಲ್ಲಿ ಕೂಗಾಡಿದವರಿಗೆ ಮೀನು ಸಿಗುವುದಿಲ್ಲ. ಯಾವ ದೋಣಿಗೆ ಎಷ್ಟು ತಾರ್ಲೆ ಬಿದ್ದಿದೆ, ಮಂಜುಗಡ್ಡೆ ಎಷ್ಟು ಹೊತ್ತು ತಾಳುತ್ತದೆ, ಇವತ್ತು ಸೋಮವಾರವಾದ್ದರಿಂದ ಪೇಟೆಯಲ್ಲಿ ಎಷ್ಟು ಮನೆಯವರು ಮೀನು ಮುಟ್ಟುವುದಿಲ್ಲ, ಇದೆಲ್ಲವನ್ನೂ ತಲೆಯಲ್ಲೇ ಕೂಡಿ ಕಳೆದು, ಒಂದು ಬೆರಳು ಎತ್ತಿ ಬುಟ್ಟಿಯನ್ನು ತನ್ನದಾಗಿಸಿಕೊಳ್ಳಬೇಕು. ಎತ್ತಿದ ಬೆರಳು ತಪ್ಪಾದರೆ ಆ ವಾರದ ಬಡ್ಡಿ ಕಟ್ಟಲಾಗುವುದಿಲ್ಲ. ಅವಳು ಜೋರಾಗಿ ಮಾತನಾಡುತ್ತಿದ್ದದ್ದು ಮಾರುಕಟ್ಟೆಯಲ್ಲಿ ಮಾತ್ರ. ನೂರು ಜನರ ಗದ್ದಲದ ನಡುವೆ ಮೆಲ್ಲಗೆ ಹೇಳಿದರೆ ಬಂಗಡೆಯ ಬೆಲೆ ಯಾರಿಗೆ ಕೇಳಿಸುತ್ತದೆ? ಮನೆಯಲ್ಲಿ ಅವಳ ದನಿ ನಮಗೆ ಕೇಳುತ್ತಲೇ ಇರಲಿಲ್ಲ.

ಆ ಬೆರಳು ಎತ್ತುವ ಕ್ಷಣವನ್ನು ಯಾವ ಸಿನಿಮಾದವರೂ ತೋರಿಸಿದ್ದು ನಾನು ಕಂಡಿಲ್ಲ. ಬಾಯಿ ಮಾತ್ರ ತೋರಿಸಿದ್ದಾರೆ.

ತದಡಿ ಬಂದರು

ನೂರಕ್ಕೆ ನೂರು. ನಮ್ಮ ಕಡೆಯೂ ಹೀಗೆಯೇ.

ಸಾಮ್ರಾಣಿ

ಬೈತ್ಕೋಲದವರ ಬರಹ ಚೆನ್ನಾಗಿದೆ, ಆದರೆ ಸಿನಿಮಾದ ಮೇಲೆ ಇಷ್ಟೊಂದು ಭಾರ ಹೇರಬಾರದು. ಅದೊಂದು ವ್ಯಾಪಾರ. ಜನ ಹೆಣ್ಣು ಹೊಡೆದಾಡುವುದಕ್ಕೆ ದುಡ್ಡು ಕೊಡುತ್ತಾರೆಂದು ಗೊತ್ತಾದರೆ ಹೊಡೆದಾಡಿಸುತ್ತಾರೆ. ಅದೂ ಹೊಸದೇನಲ್ಲ: 1935ರಲ್ಲೇ ನಟಿ ನಾಡಿಯಾ ಮುಖವಾಡ ತೊಟ್ಟು ಚಾವಟಿ ಬೀಸುವ ‘ಹಂಟರ್‌ವಾಲಿ’ ಬಂದು ಭರ್ಜರಿಯಾಗಿ ಓಡಿತ್ತು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮಾಲಾಶ್ರೀ ಪೊಲೀಸ್ ಟೋಪಿ ತೊಟ್ಟು ಒದ್ದಾಗ ಶಿರಸಿಯ ಟಾಕೀಸಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಅಲೆ ಏಳುತ್ತದೆ, ಇಳಿಯುತ್ತದೆ.

ಕೊಡಸಳ್ಳಿ ಹುಡುಗಿ

ವ್ಯಾಪಾರವೆಂದು ಕೈ ತೊಳೆದುಕೊಂಡರೆ ಹೇಗೆ? ಅದೇ ವ್ಯಾಪಾರಿಗಳು 1941ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿದ ವಂಡರ್ ವುಮನ್ ಹೆಸರಿನಲ್ಲಿ ಚಿತ್ರಮಂದಿರಕ್ಕೆ ಒಂದು ಚಿತ್ರ ತರಲು 2017ರವರೆಗೆ ಕಾದರು. ಎಪ್ಪತ್ತಾರು ವರ್ಷ! ಅಷ್ಟರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಚಿತ್ರಗಳಿಗೆ ಲೆಕ್ಕವಿರಲಿಲ್ಲ. ಜನ ದುಡ್ಡು ಕೊಡುವುದಿಲ್ಲವೆಂದು ತೀರ್ಮಾನಿಸಿದವರು ಜನರನ್ನು ಕೇಳಿಯೇ ಇರಲಿಲ್ಲ.

ನನ್ನ ದೂರು ಬೇರೆಯೇ ಇದೆ. ಈಗಿನ ಗಟ್ಟಿಗಿತ್ತಿ ಗಟ್ಟಿಯಾಗಬೇಕಾದರೆ ಮೊದಲು ಅವಳಿಗೆ ಏನಾದರೂ ಆಗಲೇಬೇಕು. ಅತ್ಯಾಚಾರ, ಗಂಡನ ಕೊಲೆ, ಮಗುವಿನ ಸಾವು. ಅದರ ನಂತರವೇ ಅವಳ ಕೈಗೆ ಕತ್ತಿ. ನಾಯಕನಿಗೆ ಈ ಷರತ್ತಿಲ್ಲ, ಅವನು ಸುಮ್ಮನೆ ಬೈಕಿನಿಂದ ಇಳಿದರೂ ಶೂರ. ಕನಿಷ್ಠ ಮೀನಾಕ್ಷಿಗೆ ಈ ಕಾಟವಿರಲಿಲ್ಲ. ಅವಳು ದಿಗ್ವಿಜಯಕ್ಕೆ ಹೊರಟದ್ದು ರಾಜಕುಮಾರರು ಹೊರಡುವ ಕಾರಣಕ್ಕೇ, ಗೆಲ್ಲಬೇಕೆಂಬ ಆಸೆಗೆ. ಈ ಒಂದು ವಿಷಯದಲ್ಲಿ ಹಳೆಯ ಪ್ರಸಂಗ ಹೊಸ ಸಿನಿಮಾಕ್ಕಿಂತ ಮುಂದಿದೆ ಎಂದು ನನಗೆ ಕಾಣುತ್ತದೆ.

ಸಾಮ್ರಾಣಿ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಯೋಚಿಸಿ ಬರೆಯುತ್ತೇನೆ.

ಮೆಣಸಿನ ಬಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಟ್ಟಿಗಿತ್ತಿಯನ್ನು ಇನ್ನೂ ಯಾರೂ ಹೆಸರಿಸಿಲ್ಲವೆಂದರೆ ಆಶ್ಚರ್ಯ. ಗೇರುಸೊಪ್ಪೆಯ ಚೆನ್ನಭೈರಾದೇವಿ ಹದಿನಾರನೆಯ ಶತಮಾನದಲ್ಲಿ ಐದು ದಶಕಗಳಷ್ಟು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು ‘ಕಾಳುಮೆಣಸಿನ ರಾಣಿ’ ಎಂದು. ಗಮನಿಸಿ, ಕತ್ತಿಯ ರಾಣಿ ಎಂದಲ್ಲ. ಘಟ್ಟದ ಮೇಲಿನ ಮೆಣಸು ಅವಳ ಬಂದರುಗಳಿಂದಲೇ ಹಡಗು ಹತ್ತಬೇಕಿತ್ತು. ಬೆಲೆ ಯಾರಿಗೆಷ್ಟು, ಯಾವ ಹಡಗಿಗೆ ಈ ವರ್ಷ ಮಾಲು, ಯಾವುದಕ್ಕೆ ಇಲ್ಲ ಎಂಬ ಹಿಡಿತವೇ ಅವಳ ಶಕ್ತಿ. ಕಡಲಿನ ಮೇಲೆ ಪೋರ್ಚುಗೀಸರು, ಘಟ್ಟದ ಕಡೆ ಕೆಳದಿಯವರು, ಈ ಎರಡು ಒತ್ತಡಗಳ ನಡುವೆ ಅಷ್ಟು ವರ್ಷ ಉಳಿಯುವುದು ಬರಿಯ ಶೌರ್ಯದಿಂದ ಆಗುವ ಕೆಲಸವಲ್ಲ.

ಕುಮಟೆಯ ಹತ್ತಿರದ ಮಿರ್ಜಾನ್ ಕೋಟೆಗೆ ಈಗ ಹೋಗಿ ನೋಡಿ. ಹುಡುಗಿಯರು ಬುರುಜಿನ ಮೇಲೆ ನಿಂತು ಇಲ್ಲದ ಕತ್ತಿಯನ್ನು ಎತ್ತಿದಂತೆ ಫೋಟೋ ತೆಗೆಸಿಕೊಳ್ಳುತ್ತಾರೆ. ತಪ್ಪೆನ್ನುವುದಿಲ್ಲ, ನನ್ನ ತಂಗಿಯೂ ತೆಗೆಸಿಕೊಂಡಿದ್ದಾಳೆ. ಆದರೆ ಲೆಕ್ಕದ ಕಡತ ಹಿಡಿದಂತೆ ಯಾರೂ ನಿಲ್ಲುವುದಿಲ್ಲ. ಬೈತ್ಕೋಲದವರ ಆಯಿಯ ಬೆರಳು ಓದಿದಾಗ ನನಗೆ ನೆನಪಾದದ್ದು ಈ ರಾಣಿಯೇ.

ಬೈತ್ಕೋಲದ ಮಗ

ಆಯಿಗೆ ಓದಿ ಹೇಳಿದೆ. “ರಾಣಿಗೆ ಬಡ್ಡಿ ಇರಲಿಲ್ಲವಲ್ಲ” ಎಂದಳು.

ಸಿದ್ದಾಪುರದ ಮೇಷ್ಟ್ರು

ಲೆಕ್ಕದ ಕಡತ ಸಿನಿಮಾದಲ್ಲಿ ಓಡುವುದಿಲ್ಲ ಎನ್ನುವುದು ನಿಜವಾದರೂ, ಕತ್ತಿಯವರಿಗೂ ಪೂರ್ತಿ ಜಾಗ ಸಿಕ್ಕಿದೆಯೇ? ಕನ್ನಡದ ಅತ್ಯಂತ ಪ್ರಸಿದ್ಧ ತೆರೆಯ ಗಟ್ಟಿಗಿತ್ತಿ ಯಾರೆಂದು ಕೇಳಿದರೆ ನಮ್ಮ ತಲೆಮಾರು ಒನಕೆ ಓಬವ್ವ ಎನ್ನುತ್ತದೆ, ಅದೂ ಜಯಂತಿಯವರ ಮುಖದಲ್ಲಿ. ಅವಳು ಬಂದದ್ದು 1972ರ ‘ನಾಗರಹಾವು’ ಚಿತ್ರದಲ್ಲಿ. ಅದು ಓಬವ್ವನ ಚಿತ್ರವೇ? ಅಲ್ಲ, ರಾಮಾಚಾರಿ ಎಂಬ ಮುಂಗೋಪಿ ಹುಡುಗನದು. ನಡುವೆ ಒಂದು ಹಾಡಿನಷ್ಟು ಹೊತ್ತು ಅವಳು ಬಂದು, ಕಿಂಡಿಯ ಬಳಿ ಒನಕೆ ಬೀಸಿ, ಸತ್ತು ಹೋಗುತ್ತಾಳೆ. ಅರ್ಧ ಶತಮಾನ ನೆನಪಿನಲ್ಲಿ ಉಳಿಯಲು ಅವಳಿಗೆ ಅಷ್ಟು ಸಾಕಾಯಿತು, ಆದರೆ ಆ ಚಿತ್ರ ಅವಳಿಗೆ ಅಷ್ಟರಲ್ಲೇ ಮುಗಿಸಿತೆಂಬುದನ್ನೂ ಮರೆಯಬಾರದು. ಕಿತ್ತೂರು ಚೆನ್ನಮ್ಮನಿಗಾದರೂ 1961ರಲ್ಲಿ ಬಿ. ಸರೋಜಾದೇವಿಯವರ ಇಡೀ ಚಿತ್ರ ಸಿಕ್ಕಿತ್ತು.

ಸಂಜೆ ಏಳರ ಪ್ರೇಕ್ಷಕಿ

ಧಾರಾವಾಹಿಗಳನ್ನು ಮರೆತಿದ್ದೀರಿ. ನಮ್ಮ ಮನೆಗಳಲ್ಲಿ ದಿನವೂ ನೋಡುವುದು ಅದನ್ನೇ. ಅಲ್ಲಿ ಶಕ್ತಿ, ಜಾಣತನ, ಹಣದ ಲೆಕ್ಕ, ಕಾನೂನಿನ ಅರಿವು, ಒಳ್ಳೆಯ ಸೀರೆ ಎಲ್ಲವೂ ಖಳನಾಯಕಿಯ ಬಳಿ ಇರುತ್ತವೆ. ನಾಯಕಿಯ ಬಳಿ ಕಣ್ಣೀರು ಮತ್ತು ತುಳಸಿಕಟ್ಟೆ. ಗಟ್ಟಿಗಿತ್ತಿಯಾಗಬೇಕಾದರೆ ಕೆಟ್ಟವಳಾಗಬೇಕೆಂದು ನನ್ನ ಅತ್ತೆ ಹತ್ತು ವರ್ಷದಿಂದ ಕಲಿಯುತ್ತಿದ್ದಾರೆ. ಖಳನಾಯಕಿ ಸೋಲುವ ಕಂತು ಬಂದಾಗ ಅವರಿಗೂ ಬೇಸರವಾಗುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಶೂರ್ಪನಖಿಯ ಅಭಿಮಾನಿ

ಧಾರಾವಾಹಿಗಿಂತ ಮೊದಲೇ ಇದು ನಮ್ಮ ಆಟದಲ್ಲಿತ್ತು. ತನಗೆ ಇಷ್ಟವಾದವನನ್ನು ನೇರವಾಗಿ ಕೇಳಿದವಳ ಮೂಗು ಹೋಯಿತು.

ಬಿಡಕಿಬೈಲು

ಶಿರಸಿಯವಳಾಗಿ ಹೇಳುತ್ತೇನೆ: ಎಲ್ಲರೂ ಸಿನಿಮಾ ಎನ್ನುತ್ತೀರಿ, ನಮ್ಮೂರಿನ ಅತಿ ದೊಡ್ಡ ಗಟ್ಟಿಗಿತ್ತಿ ಎರಡು ವರ್ಷಕ್ಕೊಮ್ಮೆ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಕೆಂಪು ಮೈ, ಎಂಟು ಕೈ, ನೇರವಾಗಿ ನೋಡುವ ಕಣ್ಣು. ಲಕ್ಷಗಟ್ಟಲೆ ಜನ ಅವಳ ಮುಂದೆ ತಲೆಬಾಗುತ್ತಾರೆ. ಮಾರಿಕಾಂಬೆಯ ಕೋಪಕ್ಕೆ ಹೋಲಿಸಿದರೆ ಈ ಸೂಪರ್ ಹೀರೋಯಿನ್‌ಗಳದು ಮಕ್ಕಳಾಟ.

ಕೊಡಸಳ್ಳಿ ಹುಡುಗಿ

ಆ ಕೋಪದ ಕಥೆಯನ್ನು ಪೂರ್ತಿ ಹೇಳಬೇಕಲ್ಲವೇ? ‘ಕೆಳಜಾತಿ’ಯವನೊಬ್ಬ ಜಾತಿ ಮರೆಸಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾದ, ನಿಜ ತಿಳಿದಾಗ ಅವಳು ಉಗ್ರಳಾಗಿ ಅವನ ಮನೆಗೆ ಬೆಂಕಿಯಿಟ್ಟಳು ಎಂಬುದು ಮಾರಿಯ ಬಗ್ಗೆ ನಾಡಿನ ಎಷ್ಟೋ ಕಡೆ ಹೇಳುವ ಕಥೆ. ಜಾತ್ರೆ ಮುಗಿದಾಗ ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುವುದು ಅದರ ನೆನಪಿಗಾಗಿಯೇ. ಹೆಣ್ಣಿಗೆ ಮೋಸವಾಯಿತು, ಹೆಣ್ಣು ಸಿಡಿದೆದ್ದಳು ಎಂದು ಓದಿದರೆ ರೋಮಾಂಚನ. ಅವಳ ಸಿಟ್ಟು ಯಾರ ಗುಡಿಸಲನ್ನು ಸುಟ್ಟಿತು ಎಂದು ಕೇಳಿದರೆ ಬೇರೆ ಉತ್ತರ ಬರುತ್ತದೆ. ಸಿಟ್ಟಿದ್ದ ಮಾತ್ರಕ್ಕೆ ಅದು ಬಿಡುಗಡೆಯ ಸಿಟ್ಟಲ್ಲ.

ಬಿಡಕಿಬೈಲು

ಭಕ್ತಿಯಿಂದ ಹೋಗುವವರು ಈ ಕಥೆಯನ್ನು ತಲೆಯಲ್ಲಿಟ್ಟುಕೊಂಡು ಹೋಗುವುದಿಲ್ಲ. ಎಲ್ಲ ಜಾತಿಯವರೂ ಉಡಿ ತುಂಬುತ್ತಾರೆ. ಮೊದಲಿದ್ದ ಕೋಣಬಲಿಯೂ ಕಳೆದ ಶತಮಾನದ ಮೂವತ್ತರ ದಶಕದಲ್ಲಿ, ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ನಿಂತಿತು. ಆಚರಣೆ ಬದಲಾಗಿದೆ.

ಕೊಡಸಳ್ಳಿ ಹುಡುಗಿ

ಬಲಿ ಬದಲಾದಂತೆ ಕಥೆಯೂ ಬದಲಾಗಬಹುದೆಂಬುದೇ ನನ್ನ ಮಾತು. ನಾನೂ ಉಡಿ ತುಂಬಿದವಳೇ.

ಸಿದ್ದಾಪುರದ ಮೇಷ್ಟ್ರು

ಗಾಂಧೀಜಿಯ ಹೆಸರು ಬಂದದ್ದರಿಂದ ಒಂದು ಮಾತು. ಮೂವತ್ತರ ದಶಕದ ಕರನಿರಾಕರಣೆಯಲ್ಲಿ ನಮ್ಮ ತಾಲ್ಲೂಕಿನ ರೈತರ ಜಮೀನು ಹರಾಜಾದಾಗ, ಅದನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಜೋಗಕ್ಕೆ ಹೋಗುವ ಬಸ್ಸು ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬೆಂಕಿಯಿಲ್ಲ, ಕತ್ತಿಯಿಲ್ಲ, ಪರಿಚಿತರ ಜಗಲಿಯೆದುರು ಹಸಿದು ಕುಳಿತುಕೊಳ್ಳುವುದು. ಇದನ್ನು ತೆರೆಗೆ ತರುವುದು ಕಷ್ಟ, ಒಪ್ಪುತ್ತೇನೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಸಮುದಾಯದ ಹಾಡುಗಳನ್ನು ಉಳಿಸಿದ್ದಷ್ಟೇ ಅಲ್ಲದೆ ಸಾರಾಯಿಯ ವಿರುದ್ಧವೂ ನಿಂತವರು. 2017ರಲ್ಲಿ ಪದ್ಮಶ್ರೀ ಬಂದಾಗ ಮಾಧ್ಯಮದವರು ಅವರ ಮಣಿಸರವನ್ನೇ ಹತ್ತಿರದಿಂದ ತೋರಿಸಿದರು, ಸಾರಾಯಿಯ ಮಾತು ಕೊನೆಗೆ ಒಂದು ಸಾಲಿನಲ್ಲಿ ಬಂತು.

ಸಾಮ್ರಾಣಿ

ಯೋಚಿಸಿ ಬಂದೆ. ಕೊಡಸಳ್ಳಿಯವರ ಷರತ್ತಿನ ಮಾತು ಸರಿ, ಆದರೆ ಅಂಬೆಯನ್ನು ಏನು ಮಾಡುತ್ತೀರಿ? ಅವಳಿಗೂ ಅನ್ಯಾಯವಾದ ಮೇಲೆಯೇ ಛಲ ಹುಟ್ಟಿದ್ದು. ‘ಭೀಷ್ಮ ವಿಜಯ’ ಪ್ರಸಂಗ ಬೇಡವೇ?

ಚೌಕಿಮನೆ

ಅಂಬೆ ಬೇಕು, ಅವಳಿಲ್ಲದೆ ತಾಳಮದ್ದಳೆಯೇ ಇಲ್ಲ. ಅಪಹರಿಸಿದ ಭೀಷ್ಮ ಒಲ್ಲೆನೆನ್ನುತ್ತಾನೆ, ಒಲಿದ ಸಾಲ್ವ ಒಲ್ಲೆನೆನ್ನುತ್ತಾನೆ, ಪರಶುರಾಮನ ಯುದ್ಧವೂ ಫಲ ಕೊಡುವುದಿಲ್ಲ. ಕೊನೆಗೆ ಬೆಂಕಿಗೆ ಹಾರಿ, ಶಿಖಂಡಿಯಾಗಿ ಹುಟ್ಟಿಬಂದು ಹಗೆ ತೀರಿಸಿಕೊಳ್ಳಬೇಕು. ಆದರೆ ಅವಳ ಶಕ್ತಿ ಬೆಂಕಿಯಲ್ಲಿಲ್ಲ, ಭೀಷ್ಮನೊಡನೆ ನಡೆಸುವ ವಾದದಲ್ಲಿದೆ. “ನಿಮ್ಮ ಪ್ರತಿಜ್ಞೆ ನಿಮ್ಮದು, ಅದರ ಬೆಲೆ ನಾನೇಕೆ ಕಟ್ಟಬೇಕು?” ಎಂದು ಅಂಬೆ ಕೇಳಿದಾಗ ದೊಡ್ಡ ದೊಡ್ಡ ಭೀಷ್ಮರು ಕ್ಷಣಕಾಲ ತಡವರಿಸಿದ್ದನ್ನು ಕಂಡಿದ್ದೇನೆ. ಪದ್ಯದ ಪ್ರಕಾರ ಗೆಲ್ಲುವವನು ಭೀಷ್ಮ; ಮನೆಗೆ ಹೋಗುವಾಗ ಜನರ ಬಾಯಲ್ಲಿರುವುದು ಅಂಬೆಯ ಮಾತು. ಸಿನಿಮಾದ ಗಟ್ಟಿಗಿತ್ತಿಯರಿಗೆ ಕಾಲು ಕೊಟ್ಟಿದ್ದಾರೆ, ಕೈ ಕೊಟ್ಟಿದ್ದಾರೆ, ಇಂಥ ಅರ್ಧ ಗಂಟೆಯ ವಾದವನ್ನು ಕೊಟ್ಟದ್ದು ಕಡಿಮೆ.

ಸಂಜೆ ಏಳರ ಪ್ರೇಕ್ಷಕಿ

ಕೊಟ್ಟರೆ ನಾವು ಮೊಬೈಲಿನಲ್ಲಿ ಮುಂದಕ್ಕೆ ಓಡಿಸುತ್ತೇವೆ, ಅದನ್ನೂ ಹೇಳಿ.

ಅಘನಾಶಿನಿ ದಂಡೆ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮಧುರೆಯ ಪಟ್ಟಾಭಿಷೇಕದ ವಿಷಯ ಅವಳಿಗೆ ಬಹಳ ಹಿಡಿಸಿತು. ಓಬವ್ವ ಸಾಯುತ್ತಾಳೆಂಬುದು ಹಿಡಿಸಲಿಲ್ಲ. ಬೈತ್ಕೋಲದ ಆಯಿ ಬೆರಳನ್ನು ಹೇಗೆ ಎತ್ತುತ್ತಿದ್ದರೆಂದು ಎರಡು ಸಲ ಕೇಳಿದಳು.

ಇನ್ನೊಂದು ಸುದ್ದಿ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಯಕ್ಷಗಾನವಿದೆ, ಪ್ರಸಂಗ ಇದೇ. ಇವಳಿಗೆ ಮೀನಾಕ್ಷಿಯ ಪಾತ್ರ ಸಿಕ್ಕಿದೆ. ಮೊದಲ ಅಭ್ಯಾಸದ ದಿನವೇ, ಬಿಲ್ಲನ್ನು ಕೆಳಗಿಡುವುದಿಲ್ಲವೆಂದು ಕಲಿಸುವ ಭಾಗವತರ ಜೊತೆ ಹಟ ಮಾಡಿ ಬಂದಿದ್ದಾಳೆ. ಅವರು ಸಿಟ್ಟಾಗಲಿಲ್ಲ. “ಹಾಗೇ ಆಗಲಿ, ಆದರೆ ಹಾರ ಹಾಕಲು ಎರಡು ಕೈ ಬೇಕಲ್ಲ ತಂಗಿ, ಏನು ಮಾಡುತ್ತೀ?” ಎಂದು ಕೇಳಿದ್ದಾರಂತೆ. ನಾಳೆ ಸಂಜೆಯೊಳಗೆ ಉತ್ತರ ಬೇಕಾಗಿದೆ. ಚೌಕಿಮನೆಯವರು ದಯವಿಟ್ಟು ತಿಳಿಸಿ.

ಚೌಕಿಮನೆ

ಬಿಲ್ಲಿನ ಹೆದೆಯನ್ನು ಎಡ ಹೆಗಲಿಗೆ ಏರಿಸಿಕೊಳ್ಳಲಿ. ಭುಜಕೀರ್ತಿಗೆ ಸಿಕ್ಕಿಕೊಳ್ಳದಂತೆ ಹೆದೆ ಸ್ವಲ್ಪ ಸಡಿಲವಿರಬೇಕು. ಅಭ್ಯಾಸದಲ್ಲೇ ನಾಲ್ಕು ಸಲ ಮಾಡಿ ನೋಡಿಕೊಳ್ಳಲು ಹೇಳಿ.